ಹೆಂಚಿನ ಮನೆಯಲ್ಲಿ ಇಲಿ ಕಾಟ, ನೆರೆಹೊರೆಯಲ್ಲಿ ಇಲಿ ಜ್ವರ, ಮುಂದಿನ ತಿಂಗಳು ಮನೆಯಲ್ಲಿ ಬಾಣಂತನ: ಏನು ಮಾಡುವುದು?

ಪ್ರಶ್ನೆ – ಸಾಗರ ತಾಲ್ಲೂಕಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಹಳೆಯ ಹೆಂಚಿನ ಮನೆ. ಮಣ್ಣಿನ ಗೋಡೆ, ಮರದ ತೊಲೆಗಳು, ಅಡುಗೆಮನೆಯ ಮೇಲೆ ಅಟ್ಟ, ಹಿತ್ತಿಲ ಕಡೆಗೆ ಬಚ್ಚಲು, ಅದಕ್ಕೆ ತಾಗಿಕೊಂಡೇ ಸೌದೆ ಕೊಟ್ಟಿಗೆ ಮತ್ತು ದನದ ಕೊಟ್ಟಿಗೆ. ಮಳೆ ಹಿಡಿದ ಮೇಲೆ ಇಲಿಗಳ ಕಾಟ ಹೇಳತೀರದಷ್ಟಾಗಿದೆ. ರಾತ್ರಿಯಿಡೀ ಅಟ್ಟದ ಮೇಲೆ ಓಡಾಟದ ಸದ್ದು ಕೇಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಒಲೆಕಟ್ಟೆಯ ಮೇಲೂ, ತೊಳೆದ ತಟ್ಟೆಗಳನ್ನು ಬೋರಲು ಹಾಕಿಟ್ಟ ಬುಟ್ಟಿಯಲ್ಲೂ ಹಿಕ್ಕೆ ಬಿದ್ದಿರುತ್ತದೆ. ಬಚ್ಚಲಿನ ನೀರು ಹೋಗುವ ಮೋರಿಯ ಪಕ್ಕದಲ್ಲಿ ಹೆಗ್ಗಣವೊಂದು ಮಣ್ಣು ತೋಡಿ ಗುಡ್ಡೆ ಹಾಕಿದೆ.

ಹಳ್ಳಿಮನೆಯೆಂದರೆ ಇವೆಲ್ಲ ಇದ್ದದ್ದೇ ಎಂದು ಇಷ್ಟು ವರ್ಷ ಸುಮ್ಮನಿದ್ದೆವು. ಆದರೆ ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರೊಬ್ಬರಿಗೆ ಇಲಿ ಜ್ವರವೆಂದು ಪತ್ತೆಯಾಗಿ, ಕಾಮಾಲೆಯೂ ಸೇರಿಕೊಂಡು, ಈಗ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾರೆ. ನನ್ನ ನಾದಿನಿ ತುಂಬು ಗರ್ಭಿಣಿಯಾಗಿದ್ದು, ಹೆರಿಗೆಗೂ ಬಾಣಂತನಕ್ಕೂ ಮುಂದಿನ ತಿಂಗಳು ಇಲ್ಲಿಗೇ ಬರುವವಳಿದ್ದಾಳೆ. ಮನೆಯಲ್ಲಿ ಮೂರು ವರ್ಷದ ನನ್ನ ಮಗನೂ ಇದ್ದಾನೆ.

ಯಜಮಾನರು ಪೇಟೆಯಿಂದ ಇಲಿ ಪಾಷಾಣದ ಟ್ಯೂಬು ತಂದು, ಟೊಮೆಟೊ ಹೋಳಿಗೆ ಸವರಿ ಅಟ್ಟದಲ್ಲಿಡೋಣ ಎನ್ನುತ್ತಾರೆ. ಅತ್ತೆಯವರಿಗೆ ವಿಷದ ಹೆಸರೆತ್ತಿದರೇ ಆಗುವುದಿಲ್ಲ. ಬೆಕ್ಕು ಸಾಕಿದರೆ ಸಾಕು ಎಂಬುದು ಅವರ ವಾದ. ಮನೆಯೊಳಗೆ ಇಲಿ ಬಿದ್ದರೆ ಊರೇ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಪ್ಲೇಗಿನ ಕಾಲದ ಕಥೆಗಳನ್ನು ಅವರು ತಮ್ಮ ಅಜ್ಜಿಯಿಂದ ಕೇಳಿ ಬೆಳೆದವರು, ಹಾಗಾಗಿ ಸತ್ತ ಇಲಿಯನ್ನು ಕಂಡರೆ ಅವರಿಗೆ ಬದುಕಿರುವ ಇಲಿಗಿಂತಲೂ ಹೆಚ್ಚು ಭಯ.

ಇಲಿಗಳಿಂದ ನಿಜಕ್ಕೂ ಯಾವ ಯಾವ ಕಾಯಿಲೆಗಳು ಬರುತ್ತವೆ, ಹೇಗೆ ಬರುತ್ತವೆ, ಇರುವ ಇಷ್ಟು ಸಮಯದಲ್ಲಿ ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 – ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ವೈದ್ಯೆ

ನಮಸ್ಕಾರ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಪ್ರತಿ ಮಳೆಗಾಲದಲ್ಲಿ ನಾವು ನೋಡುವ ಕಾಯಿಲೆ ಇದಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇಲಿ ಜ್ವರಕ್ಕೆ ಕಾರಣವಾದ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ನೆಲೆಸಿರುತ್ತದೆ. ಇಲಿಗೆ ಅದರಿಂದ ಹೇಳಿಕೊಳ್ಳುವಂತಹ ತೊಂದರೆ ಇರುವುದಿಲ್ಲ, ಆದರೆ ಅದರ ಮೂತ್ರದೊಂದಿಗೆ ರೋಗಾಣು ತಿಂಗಳುಗಟ್ಟಲೆ ಹೊರಬೀಳುತ್ತಿರುತ್ತದೆ. ಆ ಮೂತ್ರ ಬೆರೆತ ನೀರು ಅಥವಾ ಒದ್ದೆ ಮಣ್ಣು ನಮ್ಮ ಕಾಲಿನ ಒಡಕು, ತರಚುಗಾಯ, ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಇಲ್ಲವೇ ಕಣ್ಣು, ಮೂಗು, ಬಾಯಿಯ ತೆಳುಪೊರೆಗಳನ್ನು ಮುಟ್ಟಿದಾಗ ರೋಗಾಣು ದೇಹವನ್ನು ಸೇರುತ್ತದೆ. ಇಲಿ ಕಚ್ಚಿದರೆ ಮಾತ್ರ ಇಲಿ ಜ್ವರ ಬರುತ್ತದೆಂದು ನಂಬಿದವರು ಈಗಲೂ ಬಹಳ ಮಂದಿ ಇದ್ದಾರೆ. ಇಲಿಯನ್ನು ಕಣ್ಣಾರೆ ಕಾಣದವರಿಗೂ ಈ ಜ್ವರ ಬರಬಹುದು. ದನ, ನಾಯಿ, ಹಂದಿಗಳ ಮೂತ್ರದಿಂದಲೂ ಅದು ಹರಡುತ್ತದೆ.

ಈ ರೋಗಾಣು ತೇವದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುತ್ತದೆ. ಒಣಗಿದರೆ, ಬಿಸಿಲು ತಾಗಿದರೆ, ಬ್ಲೀಚಿಂಗ್ ನೀರು ಬಿದ್ದರೆ ಬೇಗ ಸಾಯುತ್ತದೆ. ಆದ್ದರಿಂದ ರಾತ್ರಿ ಸದ್ದು ಮಾಡಿ ನಿಮ್ಮನ್ನು ಹೆದರಿಸುತ್ತಿರುವ ಅಟ್ಟಕ್ಕಿಂತಲೂ, ಸದಾ ಒದ್ದೆಯಾಗಿರುವ ಆ ಬಚ್ಚಲು ಮೋರಿ, ಕೊಟ್ಟಿಗೆಯ ಗಂಜಲದ ಕಾಲುವೆ ಮತ್ತು ತೋಟದ ಬಸಿಗಾಲುವೆಗಳ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಬರಿಗಾಲಿನಲ್ಲಿ ಅಲ್ಲೆಲ್ಲ ಓಡಾಡುವುದನ್ನು ಮನೆಯವರೆಲ್ಲ ಇಂದಿನಿಂದಲೇ ನಿಲ್ಲಿಸಬೇಕು. ಕೊಟ್ಟಿಗೆಗೆ ಹೋಗುವವರು ಗಮ್‌ಬೂಟು ಹಾಕಿಕೊಳ್ಳಲಿ. ಕಾಲಿನಲ್ಲಿ ಗಾಯವಿದ್ದವರು ಅದನ್ನು ನೀರು ಒಳಹೋಗದಂತೆ ಮುಚ್ಚಿಕೊಂಡು, ಸಾಧ್ಯವಾದರೆ ಮಾಯುವವರೆಗೆ ಆ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನಗಳೊಳಗೆ, ಅಪರೂಪಕ್ಕೆ ಒಂದು ತಿಂಗಳವರೆಗೂ ಎಳೆದು, ಜ್ವರ ಕಾಣಿಸಿಕೊಳ್ಳುತ್ತದೆ. ಚಳಿ, ತೀವ್ರ ತಲೆನೋವು, ಕೀವಿಲ್ಲದೆ ಕೆಂಪಾದ ಕಣ್ಣು, ಸೊಂಟ ಮತ್ತು ಮೀನಖಂಡಗಳಲ್ಲಿ ವಿಪರೀತ ನೋವು ಇದರ ಲಕ್ಷಣಗಳು. ಮೀನಖಂಡವನ್ನು ಮೆಲ್ಲಗೆ ಒತ್ತಿದರೂ ರೋಗಿ ಕಾಲನ್ನು ಎಳೆದುಕೊಳ್ಳುತ್ತಾನೆ, ಕೆಲವರು ನಡೆದು ಒಳಬರಲಾರದೆ ಎತ್ತಿಕೊಂಡೇ ಬರಬೇಕಾಗುತ್ತದೆ. ಹೆಚ್ಚಿನವರು ಸರಿಯಾದ ಚಿಕಿತ್ಸೆಯಿಂದ ಗುಣವಾಗುತ್ತಾರೆ. ಸ್ವಲ್ಪ ಜನರಲ್ಲಿ ಮಾತ್ರ ಅದು ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳಿಗೆ ಏರಿ, ಕಾಮಾಲೆ, ಮೂತ್ರ ಕಡಿಮೆಯಾಗುವುದು, ಕೆಮ್ಮಿದಾಗ ರಕ್ತ ಬರುವುದು, ಹೀಗೆ ಪ್ರಾಣಕ್ಕೇ ಸಂಚಕಾರ ತರುತ್ತದೆ.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳಲೇಬೇಕು. ಜ್ವರ ಬಂದ ಮೊದಲ ಮೂರು ನಾಲ್ಕು ದಿನಗಳಲ್ಲಿ ಮಾಡಿಸಿದ ಐಜಿಎಂ (ರೋಗಾಣುವಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯ) ರಕ್ತಪರೀಕ್ಷೆಯಲ್ಲಿ ರೋಗವಿಲ್ಲ ಎಂದು ಬಂದರೂ ಅದನ್ನು ಕೊನೆಯ ಮಾತೆಂದು ತಿಳಿಯಬಾರದು; ಆ ಪ್ರತಿಕಾಯಗಳು ರಕ್ತದಲ್ಲಿ ಕಾಣಿಸಿಕೊಳ್ಳಲು ಐದರಿಂದ ಏಳು ದಿನ ಬೇಕಾಗುತ್ತದೆ. ಹಾಗಾಗಿಯೇ ನಾವು ವರದಿಗೆ ಕಾಯದೆ, ಅನುಮಾನವಿದ್ದರೆ ಚಿಕಿತ್ಸೆ ಆರಂಭಿಸುತ್ತೇವೆ. ಎರಡನೆಯದಾಗಿ, ಮೈಕೈ ನೋವು ತಾಳಲಾರದೆ ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಯನ್ನು ನುಂಗುವುದು, ಸೂಜಿ ಚುಚ್ಚಿಸಿಕೊಳ್ಳುವುದು ಈ ಜ್ವರದಲ್ಲಿ ಮೊದಲೇ ದಣಿದಿರುವ ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತದೆ. ಪ್ಯಾರಾಸಿಟಮಾಲ್ ಸಾಕು, ಉಳಿದದ್ದು ವೈದ್ಯರಿಗೆ ಬಿಡಿ. ತೋಟದಲ್ಲೋ ಕೊಟ್ಟಿಗೆಯಲ್ಲೋ ಕೆಲಸ ಮಾಡಿದ್ದೇವೆಂದು ವೈದ್ಯರಿಗೆ ನೀವಾಗಿಯೇ ಹೇಳಿ, ಏಕೆಂದರೆ ಡೆಂಗಿ ಹೆಚ್ಚಿರುವ ದಿನಗಳಲ್ಲಿ ಜ್ವರವನ್ನೆಲ್ಲ ಡೆಂಗಿ ಎಂದುಕೊಳ್ಳುವ ಅಪಾಯ ನಮಗೂ ಇದೆ.

ಇಲಿಗಳ ಮೈಮೇಲಿನ ಸೂಕ್ಷ್ಮ ನುಸಿಗಳ ಮರಿಗಳು ಕಚ್ಚುವುದರಿಂದ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರವೂ ನಮ್ಮ ಭಾಗದಲ್ಲಿದೆ. ತೊಡೆಸಂದು, ಕಂಕುಳು, ಸೊಂಟದ ಪಟ್ಟಿಯ ಜಾಗದಲ್ಲಿ ಬೀಡಿಯ ಬೆಂಕಿ ತಾಗಿದಂತಹ, ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ ನಾಚಿಕೆ ಬಿಟ್ಟು ತೋರಿಸಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಇದಕ್ಕಿಂತ ಬೇರೆ. ಅದು ಕಾಡಿನ ಉಣ್ಣೆಯಿಂದ ಬರುತ್ತದೆ ಮತ್ತು ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಇನ್ನು ನಿಮ್ಮ ಅತ್ತೆಯವರ ಪ್ಲೇಗಿನ ಭಯಕ್ಕೆ ಕಾರಣವಿಲ್ಲವೆನ್ನಲಾಗದು. 1898ರಲ್ಲಿ ಬೆಂಗಳೂರನ್ನೇ ಅದು ನಡುಗಿಸಿತ್ತು, ಸೂರತ್ತಿನಲ್ಲಿ 1994ರಷ್ಟು ಈಚೆಗೂ ಕಾಣಿಸಿಕೊಂಡಿತ್ತು. ಆದರೆ ಈಗ ಮನೆಯಲ್ಲಿ ಒಂದು ಇಲಿ ಸತ್ತರೆ ಪ್ಲೇಗೆಂದು ತಿಳಿಯಬೇಕಿಲ್ಲ ಎಂದು ಅವರಿಗೆ ಧೈರ್ಯ ಹೇಳಿ.

ನಾದಿನಿಯವರ ವಿಷಯ. ಗರ್ಭಿಣಿಗೆ ಇಲಿ ಜ್ವರ ಬಂದರೆ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯವಿದೆ, ಮತ್ತು ಉಳಿದವರಿಗೆ ನಾವು ಸಲೀಸಾಗಿ ಕೊಡುವ ಡಾಕ್ಸಿಸೈಕ್ಲಿನ್ ಅವರಿಗೆ ಸಲ್ಲದು. ಪೆನಿಸಿಲಿನ್ ವರ್ಗದ ಔಷಧಿಗಳಿವೆ. ನೆರೆ ಬಂದಾಗ ವಾರಕ್ಕೊಮ್ಮೆ ನುಂಗಲು ಕೊಡುತ್ತಾರಲ್ಲ, ಆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಯಾರೋ ಹೇಳಿದರೆಂದು ಅವರಾಗಲಿ ಮೂರು ವರ್ಷದ ಮಗುವಾಗಲಿ ತೆಗೆದುಕೊಳ್ಳಬಾರದು. ಅವರು ಬರುವ ಮೊದಲೇ ಸ್ವಚ್ಛತೆಯ ಕೆಲಸವೆಲ್ಲ ಮುಗಿದಿರಲಿ.

ಸ್ವಚ್ಛ ಮಾಡುವಾಗ ಹಿಕ್ಕೆಗಳನ್ನು ಒಣಗಿದಂತೆಯೇ ಪೊರಕೆಯಿಂದ ಗುಡಿಸಬೇಡಿ, ಆ ಧೂಳಿನಲ್ಲಿ ಬೇರೆ ರೋಗಾಣುಗಳೂ ಉಬ್ಬಸ ಕೆರಳಿಸುವ ಅಂಶಗಳೂ ಇರುತ್ತವೆ. ಕಿಟಕಿ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ರಬ್ಬರ್ ಕೈಗವಸು ಹಾಕಿಕೊಂಡು, ಮೂಗು ಬಾಯಿ ಮುಚ್ಚಿಕೊಂಡು, ಒಂದು ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪುಡಿ ಕದಡಿದ ತಿಳಿನೀರನ್ನು ಚಿಮುಕಿಸಿ, ಹತ್ತು ನಿಮಿಷ ನೆನೆದ ಮೇಲೆ ಹಳೆಯ ಬಟ್ಟೆಯಿಂದ ಬಳಿದು ತೆಗೆಯಿರಿ. ಆ ನೀರಿಗೆ ಬಚ್ಚಲು ತೊಳೆಯುವ ಆ್ಯಸಿಡ್ ಎಂದಿಗೂ ಸೇರಬಾರದು, ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ.

ಉತ್ತರ 2 – ಧಾನ್ಯದ ಗೋದಾಮಿನ ಕೆಲಸದಿಂದ ನಿವೃತ್ತರು, ಶಿರಸಿ

ಡಾಕ್ಟರಮ್ಮನವರು ಕಾಯಿಲೆಯ ವಿಚಾರವನ್ನು ಹೇಳಿದ್ದಾರೆ. ನಾನು ಇಲಿಯ ವಿಚಾರವನ್ನಷ್ಟೇ ಹೇಳುತ್ತೇನೆ, ಏಕೆಂದರೆ ವೃತ್ತಿಯುದ್ದಕ್ಕೂ ನನಗೆ ಮನುಷ್ಯರಿಗಿಂತ ಹೆಚ್ಚಾಗಿ ಅವುಗಳದ್ದೇ ಸಹವಾಸವಿತ್ತು.

ನಿಮ್ಮ ಬರಹದ ಪ್ರಕಾರ ಮನೆಯಲ್ಲಿ ಎರಡು ಬೇರೆ ಬೇರೆ ಜಾತಿಗಳಿವೆ. ಅಟ್ಟದಲ್ಲಿರುವುದು ಹತ್ತುವ ಇಲಿ. ಅದು ಮರದ ಕೊಂಬೆ, ವಿದ್ಯುತ್ ತಂತಿ, ಮಾಡಿನ ಅಂಚುಗಳ ಮೂಲಕ ಬರುತ್ತದೆ. ಮೋರಿಯ ಬಳಿಯದು ತೋಡುವ ಹೆಗ್ಗಣ. ಅದು ಅಡಿಪಾಯದ ಕೆಳಗಿನಿಂದ ಬರುತ್ತದೆ. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಹಿಕ್ಕೆಯನ್ನೂ ಒಮ್ಮೆ ಗಮನಿಸಿ: ಅಕ್ಕಿಕಾಳಿನಷ್ಟು ಸಣ್ಣದಿದ್ದರೆ ಚಿಟ್ಟಿಲಿ, ತುದಿ ಚೂಪಾಗಿ ಒಂದು ಸೆಂಟಿಮೀಟರಿಗಿಂತ ತುಸು ಉದ್ದವಿದ್ದರೆ ಅಟ್ಟದ ಇಲಿ, ಅದಕ್ಕೂ ದಪ್ಪಗೆ ಮೊಂಡಾಗಿದ್ದರೆ ಹೆಗ್ಗಣ. ಹೊಳಪಿದ್ದು ಮೆತ್ತಗಿದ್ದರೆ ಹೊಸದು, ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುವಂತಿದ್ದರೆ ಹಳೆಯದು. ತೊಲೆಯ ಮೇಲೆ ಎಣ್ಣೆಜಿಡ್ಡಿನಂತಹ ಕಪ್ಪು ಗೆರೆ ಕಂಡರೆ ಅದೇ ಅವುಗಳ ದಿನನಿತ್ಯದ ದಾರಿ. ಅನುಮಾನವಿದ್ದರೆ ರಾತ್ರಿ ಒಲೆಬೂದಿಯನ್ನು ತೆಳ್ಳಗೆ ಉದುರಿಸಿಟ್ಟು, ಬೆಳಿಗ್ಗೆ ಹೆಜ್ಜೆ ಗುರುತುಗಳನ್ನು ನೋಡಿ.

ಮೊದಲ ಕೆಲಸ ಊಟ ತಪ್ಪಿಸುವುದು. ಅಕ್ಕಿ, ಬೇಳೆ, ಕೊಬ್ಬರಿಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಡ್ರಮ್ಮನ್ನು ಅವು ಕೊರೆಯುತ್ತವೆ, ಏಕೆಂದರೆ ಇಲಿಯ ಬಾಚಿಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದೆ ಅದಕ್ಕೆ ಗತಿಯಿಲ್ಲ. ಅಡುಗೆಮನೆಯನ್ನು ಎಲ್ಲರೂ ಕಾಯುತ್ತಾರೆ, ಕೊಟ್ಟಿಗೆಯನ್ನು ಮರೆಯುತ್ತಾರೆ. ಹಿಂಡಿ ಬೂಸಾದ ಚೀಲ, ರಾತ್ರಿಯಿಡೀ ತೆರೆದಿಟ್ಟ ಕಲಗಚ್ಚಿನ ಬಕೆಟ್ಟು, ನಾಯಿಗೆ ಹಾಕಿ ಉಳಿದ ಅನ್ನ, ತೊಳೆಯದೆ ಬಿಟ್ಟ ಮುಸುರೆ ಪಾತ್ರೆಗಳು, ಇವಿಷ್ಟು ಸಿಕ್ಕರೆ ಇಲಿ ನಿಮ್ಮ ಬೋನಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಸೌದೆಯನ್ನು ಗೋಡೆಗೆ ಒತ್ತಿ ಪೇರಿಸದೆ, ಮುಕ್ಕಾಲು ಅಡಿ ಎತ್ತರದ ಕಟ್ಟೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಪೇರಿಸಬೇಕು. ಇಲಿ ಹೆಚ್ಚಿದ ಮನೆಗೆ ಅದನ್ನು ಹಿಡಿಯಲು ನಾಗರವೂ ಬರುತ್ತದೆ, ಕೊಳಕುಮಂಡಲವೂ ಬರುತ್ತದೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿದೆಯೆಂದರೆ ಅದರ ಗಂಭೀರತೆ ಗೊತ್ತಾಗುತ್ತದೆ. ಸೌದೆ ತೆಗೆಯಲು ಕೈಹಾಕುವವರು ಹೆಂಗಸರೇ ತಾನೇ?

ಆಮೇಲೆ ಬೋನು. ಇಲಿ ಹೊಸ ವಸ್ತುವನ್ನು ಕಂಡರೆ ಕೆಲವು ದಿನ ಅದರ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಬೋನಿನ ಬಾಗಿಲನ್ನು ಬೀಳದಂತೆ ಕಟ್ಟಿ, ಸುಟ್ಟ ಕೊಬ್ಬರಿ ಚೂರನ್ನೋ ಶೇಂಗಾ ಬೀಜವನ್ನೋ ಇಟ್ಟು, ಮೂರು ನಾಲ್ಕು ರಾತ್ರಿ ನೆಮ್ಮದಿಯಾಗಿ ತಿಂದು ಹೋಗಲು ಬಿಡಿ. ಅನಂತರ ಒಂದೇ ರಾತ್ರಿ ಎಲ್ಲ ಬೋನುಗಳನ್ನೂ ಹೂಡಿ. ಒಂದೇ ಬೋನು ತಂದು ದಿನಕ್ಕೊಂದು ಮೂಲೆಗೆ ಸ್ಥಳಾಂತರಿಸುವುದು ಶುದ್ಧ ವ್ಯರ್ಥ. ನಾಲ್ಕೈದಾದರೂ ಬೇಕು, ಗೋಡೆಗೆ ತಾಗಿಕೊಂಡು, ಅವು ಓಡಾಡುವ ದಾರಿಯಲ್ಲೇ ಇರಬೇಕು. ಹಿಡಿದ ಇಲಿಯನ್ನು ತೋಟದಾಚೆ ಬಿಟ್ಟು ಬಂದರೆ ಅದು ನಿಮಗಿಂತ ಮೊದಲೇ ಮನೆ ಸೇರಿರುತ್ತದೆ. ಸತ್ತದ್ದನ್ನು ಕೈಗವಸು ಹಾಕಿಕೊಂಡು, ಬಾವಿಯಿಂದ ದೂರದಲ್ಲಿ, ನಾಯಿ ಕೆದಕದಷ್ಟು ಆಳಕ್ಕೆ ಹೂಳಿ.

ಕಿಂಡಿ ಮುಚ್ಚುವುದು ಕೊನೆಯಲ್ಲಿ. ಒಳಗಿರುವುದನ್ನು ಹಿಡಿಯುವ ಮೊದಲೇ ಮುಚ್ಚಿದರೆ ಅವು ಗೋಡೆಯೊಳಗೇ ಸತ್ತು ನಾರುತ್ತವೆ. ಚಿಟ್ಟಿಲಿಗೆ ಪೆನ್ಸಿಲ್ ಗಾತ್ರದ, ಅಂದರೆ 6 ಮಿಲಿಮೀಟರಿನ ಸಂದು ಸಾಕು. ಅಟ್ಟದ ಇಲಿಗೆ 12 ಮಿಲಿಮೀಟರ್ ಸಾಕು. ಯಾವ ಬಿಲದಲ್ಲಿ ಓಡಾಟವಿದೆ ಎಂದು ತಿಳಿಯಲು ಸಂಜೆ ಹಳೆಯ ಪೇಪರನ್ನು ಉಂಡೆ ಮಾಡಿ ತುರುಕಿಡಿ. ಬೆಳಿಗ್ಗೆ ಅದು ಹೊರಗೆ ಬಿದ್ದಿದ್ದರೆ ಒಳಗೆ ವಾಸವಿದೆ ಎಂದರ್ಥ. ಮಣ್ಣಿನ ಗೋಡೆಗೆ ಮಣ್ಣನ್ನೇ ಮೆತ್ತಿದರೆ ಮರುದಿನ ತೋಡುತ್ತವೆ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಒತ್ತಿ ತುಂಬಿ, ಅದರ ಮೇಲೆ ಸಿಮೆಂಟು ಬಳಿಯಿರಿ. ಮಾಡಿನ ಅಂಚಿಗೂ ಬಚ್ಚಲು ಮೋರಿಯ ಬಾಯಿಗೂ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸಿ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಕನಿಷ್ಠ ಒಂದು ಮೀಟರ್ ದೂರಕ್ಕೆ ಕಡಿಸಿ.

ತೆರೆದ ಬಾವಿಯ ನೀರನ್ನೇ ಕುಡಿಯುವುದಾದರೆ ಅದಕ್ಕೊಂದು ಬಲೆ ಹಾಕಿಸಿ, ಬ್ಲೀಚಿಂಗ್ ಪುಡಿಯನ್ನೂ ಹಾಕಿ. ಲೆಕ್ಕ ಸುಲಭ: 1000 ಲೀಟರಿಗೆ 2.5 ಗ್ರಾಂ. ಬಾವಿಯ ವ್ಯಾಸ 3 ಮೀಟರ್, ನೀರಿನ ಆಳ 2 ಮೀಟರ್ ಇದ್ದರೆ ಅಲ್ಲಿ ಸುಮಾರು 14,000 ಲೀಟರ್ ನೀರಿರುತ್ತದೆ, 35 ಗ್ರಾಂ ಪುಡಿ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗಿಳಿಸಿ, ಕೊಡದಿಂದ ಕಲಕಿ, ಒಂದು ಗಂಟೆ ಬಿಟ್ಟು ಬಳಸಿ.

ಬೆಕ್ಕು ಬೇಡವೆನ್ನುವುದಿಲ್ಲ, ಚಿಟ್ಟಿಲಿಗೆ ಅದು ಒಳ್ಳೆಯದೇ. ಆದರೆ ದೊಡ್ಡ ಹೆಗ್ಗಣದ ಎದುರು ನಿಲ್ಲುವ ಬೆಕ್ಕನ್ನು ನಾನು ಕಂಡಿಲ್ಲ.

ಉತ್ತರ 3 – ಕಿರಾಣಿ ವ್ಯಾಪಾರಿ, ದಾವಣಗೆರೆ

ಹಿರಿಯರ ಮಾತಿಗೆ ಗೌರವವಿದೆ. ಆದರೂ ಸ್ವಲ್ಪ ಭಿನ್ನಾಭಿಪ್ರಾಯವನ್ನು ಹೇಳಿಕೊಳ್ಳುತ್ತೇನೆ. ಬೋನು ಹೂಡುವುದು, ಪೇಪರ್ ಉಂಡೆ ತುರುಕುವುದು, ಇವೆಲ್ಲ ಸಮಯವಿದ್ದವರ ಕೆಲಸ. ಇಲಿ ಮೂರು ವಾರಕ್ಕೆ ಮರಿ ಹಾಕುವ ಪ್ರಾಣಿ. ನೀವು ಒಂದನ್ನು ಹಿಡಿಯುವಷ್ಟರಲ್ಲಿ ಆರೇಳು ಹುಟ್ಟಿರುತ್ತವೆ. ನಮ್ಮ ಅಂಗಡಿಯಲ್ಲಿ ಅಂಟು ಹಲಗೆಯನ್ನೂ ಟ್ಯೂಬಿನ ಪಾಷಾಣವನ್ನೂ ವರ್ಷಗಳಿಂದ ಬಳಸುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಎಚ್ಚರಿಕೆಯಿಂದ ಎತ್ತರದಲ್ಲಿಟ್ಟು, ಬೆಳಿಗ್ಗೆ ಉಳಿದದ್ದನ್ನು ಎಣಿಸಿ ತೆಗೆದರೆ ಅಪಾಯವೆಲ್ಲಿಂದ ಬರುತ್ತದೆ? ಬಾಣಂತಿ ಬರುವ ಮನೆಯಲ್ಲಿ ಇಲಿ ಉಳಿಯುವುದಕ್ಕಿಂತ ಒಂದು ವಾರದ ಮಟ್ಟಿಗೆ ಪಾಷಾಣ ಬಳಸುವುದೇ ಮೇಲೆಂದು ನನ್ನ ಅನಿಸಿಕೆ. ಹೆಗ್ಗಣದ ಬಿಲಕ್ಕಂತೂ ಧಾನ್ಯಕ್ಕೆ ಹಾಕುವ ಗುಳಿಗೆಯೊಂದನ್ನು ಹಾಕಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು.

ಉತ್ತರ 4 – ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿ, ಮಂಗಳೂರು

ಮೇಲಿನವರು ಅಂಗಡಿಯ ಅನುಭವವನ್ನು ಹೇಳಿದ್ದಾರೆ. ರಾತ್ರಿ ಬೀಗ ಹಾಕಿದರೆ ಅಲ್ಲಿ ಮಕ್ಕಳಿರುವುದಿಲ್ಲ. ಮೂರು ವರ್ಷದ ಮಗುವಿರುವ ಮನೆಗೆ ಅದೇ ಸಲಹೆಯನ್ನು ಕೊಡುವುದನ್ನು ನಾನು ಒಪ್ಪಲಾರೆ.

ಟ್ಯೂಬಿನಲ್ಲಿ ಬರುವ ಪಾಷಾಣಗಳಲ್ಲಿ ಹಲವು ಹಳದಿ ರಂಜಕದಿಂದ (ಫಾಸ್ಫರಸ್) ಮಾಡಿದವು. ನೋಡಲು ಟೂತ್‌ಪೇಸ್ಟಿನಂತಿರುತ್ತವೆ, ಮಕ್ಕಳು ಬೆರಳಿನಿಂದ ಬಾಯಿಗಿಟ್ಟುಕೊಂಡದ್ದೂ ಇದೆ, ಮಂದಬೆಳಕಿನಲ್ಲಿ ದೊಡ್ಡವರೇ ಹಲ್ಲಿಗೆ ಹಚ್ಚಿಕೊಂಡದ್ದೂ ಇದೆ. ಈ ವಿಷದ ಕ್ರೂರ ಗುಣವೆಂದರೆ, ಮೊದಲ ದಿನ ವಾಂತಿ, ಹೊಟ್ಟೆನೋವು ಬಂದು, ಮರುದಿನ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಮನೆಯವರು ಗಂಡಾಂತರ ಕಳೆಯಿತೆಂದು ವಾಪಸು ಕರೆದೊಯ್ಯುತ್ತಾರೆ. ಅಷ್ಟರಲ್ಲಿ ಯಕೃತ್ತು ಒಳಗೊಳಗೇ ಹಾಳಾಗುತ್ತಿದ್ದು, ಮೂರನೆಯ ದಿನದ ಹೊತ್ತಿಗೆ ಕಾಮಾಲೆ, ರಕ್ತಸ್ರಾವ, ಮಂಪರು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಪ್ರತಿವಿಷವಿಲ್ಲ. ತಿಂದದ್ದು ನಿಜವೋ ಅಲ್ಲವೋ ಎಂಬ ಅನುಮಾನವಿದ್ದರೂ ಟ್ಯೂಬನ್ನು ಜೊತೆಗೆ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಬನ್ನಿ. ವಾಂತಿ ಮಾಡಿಸಬೇಡಿ. ವಿಷ ಇಳಿಯುತ್ತದೆಂದು ಹಾಲು, ತುಪ್ಪ, ಎಣ್ಣೆ ಕುಡಿಸುವುದನ್ನು ಹಳ್ಳಿಗಳಲ್ಲಿ ಇಂದಿಗೂ ನೋಡುತ್ತೇವೆ; ರಂಜಕ ಕೊಬ್ಬಿನಲ್ಲಿ ಕರಗುವುದರಿಂದ ಅದು ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ.

ಧಾನ್ಯದ ಗುಳಿಗೆಯ ಸಲಹೆ ಇದಕ್ಕಿಂತಲೂ ಅಪಾಯಕರ. ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ, ಅದಕ್ಕೂ ಪ್ರತಿವಿಷವಿಲ್ಲ. ಹೆಗ್ಗಣದ ಬಿಲ ಮೋರಿಯ ಬಳಿ ಶುರುವಾಗಿ ಅಡುಗೆಮನೆಯ ನೆಲದ ಕೆಳಗೆಲ್ಲೋ ಬಾಯಿ ತೆರೆದಿರಬಹುದು, ಮಣ್ಣಿನ ಗೋಡೆಯಲ್ಲಿ ಬಿರುಕುಗಳಿರುತ್ತವೆ, ಮಳೆಗಾಲದ ನೆಲದಲ್ಲಿ ತೇವಕ್ಕೇನೂ ಬರವಿಲ್ಲ. ಜನ ಮಲಗುವ ಕಟ್ಟಡದಲ್ಲಾಗಲಿ, ಅದರ ಮಗ್ಗುಲಲ್ಲಾಗಲಿ ಅದನ್ನು ಬಳಸಲೇಬಾರದು; ಅಕ್ಕಿ ಡಬ್ಬಿಗೆ ಹುಳು ಬಾರದಿರಲೆಂದು ಬಟ್ಟೆಯಲ್ಲಿ ಕಟ್ಟಿ ಹಾಕುವುದೂ ಅಷ್ಟೇ ಅಪಾಯಕಾರಿ.

ಅಂಟು ಹಲಗೆಗೆ ಸಿಕ್ಕ ಇಲಿ ಗಂಟೆಗಟ್ಟಲೆ ಒದ್ದಾಡುತ್ತಾ ಹೆದರಿ ಮೂತ್ರ ಮಾಡುತ್ತದೆ. ಮೂತ್ರದಿಂದ ಹರಡುವ ಕಾಯಿಲೆಗೆ ಹೆದರುತ್ತಿರುವವರು ಅದನ್ನು ಆರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಬೋನಿನಿಂದ ಸಾಧ್ಯವೇ ಆಗದಿದ್ದರೆ ಬ್ರೊಮಾಡಿಯೊಲೋನ್ ಎಂಬ ಮೇಣದ ಬಿಲ್ಲೆಗಳಿವೆ. ರಕ್ತ ಹೆಪ್ಪುಗಟ್ಟದಂತೆ ಮಾಡಿ, ಕೆಲವು ದಿನಗಳ ನಂತರ ಇಲಿಯನ್ನು ಕೊಲ್ಲುತ್ತವೆ. ಆಕಸ್ಮಿಕವಾಗಿ ಮಗು ತಿಂದರೆ ವಿಟಮಿನ್ ಕೆ1 ಎಂಬ ಪ್ರತಿವಿಷವಾದರೂ ಇದೆ. ಅದನ್ನೂ ತೆರೆದಿಡದೆ, ಕೈ ಹೋಗದಂತಹ ಬೀಗದ ಪೆಟ್ಟಿಗೆಯೊಳಗೆ, ಕೊಟ್ಟಿಗೆಯ ಹೊರಗೆ ಮಾತ್ರ ಇಡಬೇಕು. ಅದನ್ನು ತಿಂದ ಇಲಿಯನ್ನು ತಿನ್ನುವ ಬೆಕ್ಕಿಗೂ ಗೂಬೆಗೂ ವಿಷವೇರುತ್ತದೆ, ಆದ್ದರಿಂದ ಅತ್ತೆಯವರ ಬೆಕ್ಕು ಮತ್ತು ಈ ಬಿಲ್ಲೆ ಒಂದೇ ಮನೆಯಲ್ಲಿ ಇರಲಾಗದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಯಜಮಾನರಿಗೆ ಇದನ್ನೆಲ್ಲ ಓದಿಸಿದೆ. ಟ್ಯೂಬಿನ ವಿಚಾರವನ್ನು ಬಿಟ್ಟರು; ಬೋನುಗಳನ್ನು ತರಿಸಿ ಬಾಗಿಲು ಕಟ್ಟಿ ಅಟ್ಟದಲ್ಲಿ ಇಟ್ಟಿದ್ದೇವೆ, ಕೊಬ್ಬರಿ ಚೂರು ಖಾಲಿಯಾಗುತ್ತಿದೆ. ಕಲಗಚ್ಚಿನ ಬಕೆಟ್ಟಿನ ಬಗ್ಗೆ ಹೇಳಿದ್ದು ನಮ್ಮ ಮನೆಗೆ ಬಂದು ನೋಡಿಕೊಂಡು ಹೋದಂತಿತ್ತು.

ಇನ್ನೆರಡು ಸಂದೇಹಗಳಿವೆ. ಮಗುವಿಗೆಂದು ಅತ್ತೆಯವರು ಹಳೆಯ ಮೆತ್ತನೆಯ ಸೀರೆಗಳನ್ನು, ನನ್ನ ಮಗನ ಕುಲಾವಿ ಮತ್ತು ಹೊದಿಕೆಗಳನ್ನು ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಇಲಿ, ಜಿರಲೆ ಸುಳಿಯದಿರಲೆಂದು ಅದರಲ್ಲಿ ಬಿಳಿಯ ನುಸಿಗುಳಿಗೆಗಳನ್ನು ಧಾರಾಳವಾಗಿ ಹಾಕಿದ್ದಾರೆ. ಅದು ಸರಿಯೇ? ಹಾಗೆಯೇ, ಬಾಣಂತಿ ಕೋಣೆಗೆ ಜಿರಲೆ ಸ್ಪ್ರೇ ಹೊಡೆಯಬಹುದೇ? ಕೂಸನ್ನು ಇಲಿ ಕಚ್ಚಿಬಿಟ್ಟರೆ ಎಂಬ ಭಯವೂ ಇದೆ.

ಉತ್ತರ 5 – ಮಕ್ಕಳ ವೈದ್ಯ, ಹುಬ್ಬಳ್ಳಿ

ಆ ನುಸಿಗುಳಿಗೆಗಳನ್ನು ಇಂದೇ ತೆಗೆದುಬಿಡಿ. ಅವುಗಳಲ್ಲಿ ಹೆಚ್ಚಿನವು ನ್ಯಾಫ್ತಲೀನ್‌ನಿಂದ ಮಾಡಿದವು. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟುವ ಮಕ್ಕಳಿರುತ್ತಾರೆ, ಗಂಡುಮಕ್ಕಳಲ್ಲಿ ಇದು ಹೆಚ್ಚು. ನೋಡಲು ಅವರು ಎಲ್ಲ ಮಕ್ಕಳಂತೆಯೇ ಇರುತ್ತಾರೆ. ನ್ಯಾಫ್ತಲೀನ್ ವಾಸನೆ ಹಿಡಿದ ಬಟ್ಟೆಯಲ್ಲಿ ಅಂತಹ ಕೂಸನ್ನು ಸುತ್ತಿದರೆ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರುತ್ತದೆ, ಅದು ಮಿದುಳಿಗೂ ಹಾನಿ ಮಾಡಬಲ್ಲದು. ಹುಟ್ಟಿದಾಗ ಈ ಪರೀಕ್ಷೆಯನ್ನು ಎಲ್ಲೆಡೆ ಮಾಡುವುದಿಲ್ಲವಾದ್ದರಿಂದ ನಿಮ್ಮ ಕೂಸಿಗೆ ಆ ಕೊರತೆ ಇದೆಯೋ ಇಲ್ಲವೋ ಮೊದಲೇ ತಿಳಿಯುವುದಿಲ್ಲ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೋ ಗಾಳಿಗೋ ಹರವಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ನುಸಿಗುಳಿಗೆಗಳನ್ನು ಮಿಠಾಯಿ ಎಂದುಕೊಂಡು ನುಂಗಬಹುದಾದ ಮೂರು ವರ್ಷದ ಮಗನೂ ಮನೆಯಲ್ಲಿದ್ದಾನೆ ಎಂಬುದು ನೆನಪಿರಲಿ.

ಜಿರಲೆಯ ಹಿಕ್ಕೆ, ಜೊಲ್ಲು, ಉದುರಿದ ಪೊರೆಗಳು ಮಕ್ಕಳಲ್ಲಿ ಉಬ್ಬಸವನ್ನು ಕೆರಳಿಸುತ್ತವೆ ಎಂಬುದು ದೃಢಪಟ್ಟ ಸಂಗತಿ, ಆದರೆ ಸ್ಪ್ರೇ ಹೊಡೆದ ಮುಚ್ಚಿದ ಕೋಣೆಯ ಗಾಳಿ ಕೂಸಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಡುಗೆಮನೆಯ ಕಪಾಟಿನ ಸಂದುಗಳಿಗೆ, ಮಗುವಿನ ಕೈಗೆಟುಕದ ಕಡೆ, ಜೆಲ್ ರೂಪದ ಜಿರಲೆ ಔಷಧಿಯನ್ನು ಕಾಳಿನಷ್ಟು ಹಾಕಿದರೆ ಸಾಕು. ಜೆಲ್ ಹಾಕಿದ ಜಾಗಕ್ಕೆ ಸ್ಪ್ರೇಯನ್ನೂ ಹೊಡೆದರೆ ಜಿರಲೆ ಅದನ್ನು ತಿನ್ನುವುದೇ ಇಲ್ಲ. ನೆಲದ ಮೇಲೆ ಗೆರೆ ಎಳೆಯುವ ಜಿರಲೆ ಸೀಮೆಸುಣ್ಣವನ್ನಂತೂ ತೆವಳುವ ಮಕ್ಕಳಿರುವ ಮನೆಗೆ ತರಲೇಬೇಡಿ.

ಕೂಸನ್ನು ಇಲಿ ಕಚ್ಚುವುದು ಅಪರೂಪ, ಆದರೆ ಆಗದ್ದಲ್ಲ. ಹಾಲು ಅಂಟಿದ ಬಾಯಿ, ಬೆರಳುಗಳ ವಾಸನೆಗೆ ಅವು ಬರುತ್ತವೆ. ಹಾಲು ಕುಡಿಸಿದ ಮೇಲೆ ಮುಖ, ಕೈ ಒರೆಸಿ, ಅಂಚುಗಳು ಹಾಸಿಗೆಯಡಿ ಮಡಿಚಿಕೊಳ್ಳುವಂತಹ ಸೊಳ್ಳೆಪರದೆಯೊಳಗೆ ತಾಯಿಯ ಮಗ್ಗುಲಲ್ಲಿ ಮಲಗಿಸಿ. ಡೆಂಗಿಯ ದೃಷ್ಟಿಯಿಂದ ಹಗಲಿನಲ್ಲೂ ಆ ಪರದೆ ಬೇಕು. ಕಚ್ಚಿದ್ದೇ ಆದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅರಿಶಿನ, ಸುಣ್ಣ ಏನನ್ನೂ ಮೆತ್ತದೆ, ಅದೇ ದಿನ ವೈದ್ಯರಿಗೆ ತೋರಿಸಿ. ಮನೆಯ ಇಲಿ ಕಚ್ಚಿದರೆ ರೇಬೀಸ್ ಲಸಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಆದರೂ ಅದನ್ನು ತೀರ್ಮಾನಿಸಬೇಕಾದವರು ಗಾಯ ನೋಡಿದ ವೈದ್ಯರು. ಧನುರ್ವಾತದ ಲಸಿಕೆಯ ದಾಖಲೆಯನ್ನೂ ಒಯ್ಯಿರಿ. ಮನೆಯಲ್ಲಿ ನಾಯಿಯಿದ್ದರೆ ಅದಕ್ಕೆ ಇಲಿ ಜ್ವರದ ಅಂಶವೂ ಸೇರಿರುವ ವಾರ್ಷಿಕ ಲಸಿಕೆಯನ್ನು ಪಶುವೈದ್ಯರಲ್ಲಿ ಕೇಳಿ ಈಗಲೇ ಹಾಕಿಸಿಬಿಡಿ, ಏಕೆಂದರೆ ಹೆಗ್ಗಣದ ಬಿಲವನ್ನು ಮೊದಲು ಮೂಸಿ ಬಂದು ಆಮೇಲೆ ನಿಮ್ಮ ಮಗನ ಕೈ ನೆಕ್ಕುವುದು ಅದೇ.